ಕೃಷ್ಣೆಯ ದಂಡೆಯ ರಸ್ತೆಗಳಲ್ಲಿ ಹ್ಯಾಂಡ್‌ಬ್ರೇಕು, ಸೀಟ್ ಬೆಲ್ಟು

ಪಾರ್ಕಿಂಗ್ ಬ್ರೇಕ್ ಮತ್ತು ಸೀಟ್ ಬೆಲ್ಟ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಸಾಧನಗಳು. ಒಂದು, ನಿಂತ ಗಾಡಿ ತಾನಾಗಿ ಉರುಳದಂತೆ ನೋಡಿಕೊಳ್ಳುತ್ತದೆ. ಇನ್ನೊಂದು, ಓಡುವ ಗಾಡಿ ಥಟ್ಟನೆ ನಿಂತಾಗ ಒಳಗಿನವರನ್ನು ಹಿಡಿದುಕೊಳ್ಳುತ್ತದೆ. ಬಹುಕಾಲ ಒಂದಕ್ಕೊಂದು ಸಂಬಂಧವೇ ಇಲ್ಲದೆ ಉಳಿದ ಇವೆರಡನ್ನು ಹೊಸ ವಿದ್ಯುತ್ ಕಾರುಗಳು ಒಟ್ಟುಗೂಡಿಸಿವೆ. ಬೆಲ್ಟಿನ ಬಕಲ್ ಸಿಕ್ಕಿಸಿದೆಯೇ, ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು ಬ್ರೇಕನ್ನು ಬಿಡುವ ಅಥವಾ ಹಿಡಿಯುವ ತೀರ್ಮಾನವನ್ನು ಈಗ ಕಾರೇ ಮಾಡುತ್ತದೆ. ಇಲ್ಲಿಯವರೆಗಿನ ದಾರಿಯನ್ನು ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಪ್ರದೇಶದಲ್ಲಿ ಗುರುತಿಸುವುದಕ್ಕೆ ಕಾರಣವಿದೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಗಡಿನಾಡಿನಲ್ಲಿ ಎತ್ತಿನ ಬಂಡಿ, ನಿಜಾಮನ ಕಾಲದ ಬಸ್ಸು, ಮಂದಿ ತುಂಬಿದ ಕ್ರೂಸರ್ ಜೀಪು, ಬ್ಯಾಟರಿ ಕಾರು ಒಂದರ ಬೆನ್ನಿಗೆ ಒಂದು ಅದೇ ರಸ್ತೆಗಳಿಗೆ ಇಳಿದಿವೆ. ಜತೆಗೆ, ನದಿ ದಾಟಿದರೆ ಸರ್ಕಾರ ಬೇರೆ, ದಂಡದ ಮೊತ್ತವೂ ಬೇರೆಯಾಗಬಹುದು.

ನೆಲದ ಗುಣವನ್ನು ಮೊದಲು ಹೇಳಬೇಕು. ಕೃಷ್ಣಾ ಮತ್ತು ಭೀಮಾ ಕೂಡುವ ಈ ಸೀಮೆ ಬಹುಮಟ್ಟಿಗೆ ಬಯಲು, ನಡುನಡುವೆ ಬಂಡೆಗುಡ್ಡಗಳು. ಘಟ್ಟದ ರಸ್ತೆಯಲ್ಲಿ ಗಾಡಿ ನಿಲ್ಲಿಸುವವರಿಗೆ ಇರುವ ಅಂಜಿಕೆ ಬಯಲುಸೀಮೆಯವರಿಗೆ ಇರುವುದಿಲ್ಲ. ಆದರೆ ಗಾಡಿ ಉರುಳುವುದಕ್ಕೆ ಘಟ್ಟವೇ ಬೇಕಾಗಿಲ್ಲ. ಗಾಳಿ ಸರಿಯಾಗಿ ತುಂಬಿದ ಟೈರು ಡಾಂಬರಿನ ಮೇಲೆ ಉರುಳುವಾಗ ಎದುರಾಗುವ ತಡೆ, ಗಾಡಿಯ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಂದರೆ ನೂರು ಅಡಿಗೆ ಒಂದು ಅಡಿಗಿಂತ ಹೆಚ್ಚು ಇಳಿಜಾರಿದ್ದರೆ ಗಾಡಿ ತಾನೇ ಹೊರಡುತ್ತದೆ. ನೂರಕ್ಕೆ ಐದರ ಇಳಿಜಾರಿನಲ್ಲಿ ಬ್ರೇಕ್ ಹಾಕದೆ ಬಿಟ್ಟ ಕಾರು 5 ಸೆಕೆಂಡಿನಲ್ಲಿ ಹತ್ತಿರ ಹತ್ತಿರ 5 ಮೀಟರ್ ಸಾಗಿ ಗಂಟೆಗೆ 7 ಕಿಲೋಮೀಟರ್ ವೇಗ ಪಡೆದಿರುತ್ತದೆ. ಸೇತುವೆಯ ಏರು, ರೈಲ್ವೆ ಕೆಳಸೇತುವೆಯ ಇಳಿಜಾರು, ಹೊಳೆಯ ದಂಡೆ ಬಯಲುಸೀಮೆಯಲ್ಲೂ ಇವೆ. ಮಕ್ತಲ್ ತಾಲ್ಲೂಕಿನ ಪಂಚದೇವ ಪಹಾಡ್ ಇಂಥದೊಂದು ತಾಣ. ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರುವಪುರದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರಕ್ಕೆ ಹೋಗುವವರು ಅಲ್ಲಿ ವಾಹನ ಬಿಟ್ಟು ದೋಣಿ ಹತ್ತುತ್ತಾರೆ. ನೀರಿನ ಕಡೆಗೆ ವಾಲಿದ ನೆಲದಲ್ಲಿ ಗಾಡಿ ಬಿಟ್ಟು ಹೋಗುವವನಿಗೆ ಪಾರ್ಕಿಂಗ್ ಬ್ರೇಕಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಎತ್ತಿನ ಬಂಡಿಯ ಕಾಲದಲ್ಲಿ ಈ ಕೆಲಸ ಕಲ್ಲಿನದು. ಎತ್ತು ಬಿಚ್ಚಿದ ಮೇಲೆ ನೊಗ ನೆಲಕ್ಕೆ ಊರಿ, ಗಾಲಿಯ ಮುಂದೆ ಹಿಂದೆ ಕಲ್ಲು ಇಟ್ಟರೆ ಬಂಡಿ ಅಲ್ಲಾಡುತ್ತಿರಲಿಲ್ಲ. ರೈಲು ಬಂದ ಮೇಲೂ ಬಂಡಿಗೆ ಕೆಲಸ ಕಡಿಮೆಯಾಗಲಿಲ್ಲ. ಮುಂಬಯಿ ಕಡೆಯ ರೈಲುದಾರಿ ಮತ್ತು ಮದರಾಸು ಕಡೆಯ ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದರೆ ಆ ದಾರಿ ಸೀರೆಗೆ ಹೆಸರಾದ ನಾರಾಯಣಪೇಟೆಯನ್ನು ಮುಟ್ಟಲಿಲ್ಲ. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ಸೈದಾಪುರದ ನಿಲ್ದಾಣಕ್ಕೆ ‘ನಾರಾಯಣಪೇಟ್ ರೋಡ್’ ಎಂಬ ಹೆಸರು ಬಂದದ್ದು ಹೀಗೆ. ಅಲ್ಲಿ ಇಳಿದವರು ಊರು ಸೇರಲು ಮತ್ತೆ ರಸ್ತೆಯನ್ನೇ ನೆಚ್ಚಬೇಕಿತ್ತು. ಇದೇ ಸೀಮೆಯ ದೇವರಕದ್ರ–ಕೃಷ್ಣಾ ರೈಲುದಾರಿಯ ಕೊನೆಯ ತುಂಡಾದ ಜಕ್ಲೇರ್–ಕೃಷ್ಣಾ ನಡುವಿನ 37 ಕಿಲೋಮೀಟರ್ ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 1ರಂದು. ಅಷ್ಟು ದೀರ್ಘಕಾಲ ಇಲ್ಲಿನ ಸಾರಿಗೆಯ ಭಾರವನ್ನು ಬಹುಮಟ್ಟಿಗೆ ರಸ್ತೆಯೇ ಹೊತ್ತಿತು.

ಈ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ರೈಲ್ವೆ ಆಡಳಿತವು 1932ರ ಜೂನ್‌ನಲ್ಲಿ 27 ಬಸ್ಸು, 166 ಸಿಬ್ಬಂದಿಯೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಅವು. ಮಕ್ತಲ್ ಮತ್ತು ರಾಯಚೂರಿನ ನಡುವೆ ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ರಸ್ತೆ ಸೇತುವೆ ‘ಸಿರಾತ್-ಎ-ಜೂದಿ’ 1940ರ ದಶಕದ ಆರಂಭದಲ್ಲಿ ಮುಗಿದ ಮೇಲೆ ಮೋಟಾರುಗಳು ಹೊಳೆಯನ್ನು ದೋಣಿಯ ಹಂಗಿಲ್ಲದೆ ದಾಟತೊಡಗಿದವು.

ಹಳೆಯ ಮೋಟಾರುಗಳಲ್ಲಿ ಕೈಬ್ರೇಕಿಗೆ ಈಗಿಲ್ಲದ ಇನ್ನೊಂದು ಕೆಲಸವಿತ್ತು. ಇಂಜಿನನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿದ್ದ ಕಾಲದಲ್ಲಿ, ಬ್ರೇಕ್ ಹಿಡಿದಿರದಿದ್ದರೆ ಎದ್ದ ಇಂಜಿನ್ ಗಾಡಿಯನ್ನು ತಿರುಗಿಸುತ್ತಿದ್ದವನ ಮೈಮೇಲೇ ತರುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಒಂದೇ ಕೈಗೋಲು ಹಿಂದಿನ ಚಕ್ರಗಳನ್ನು ಹಿಡಿದು, ಅದೇ ಎಳೆತದಲ್ಲಿ ಇಂಜಿನ್ನಿನ ಸಂಪರ್ಕವನ್ನೂ ಬಿಡಿಸುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರ್ ತಂದ ಮೇಲೆ ಆ ಅಪಾಯ ಮೆಲ್ಲಗೆ ಮರೆಯಾಯಿತು. ಸಾಧನವನ್ನು ಕೈಬಿಟ್ಟು ಅಭ್ಯಾಸವನ್ನು ನಂಬುವ ಚಾಳಿ ಅಲ್ಲಿಂದಲೇ ಬೆಳೆಯಿತೆನ್ನಬಹುದು.

ಆ ಅಭ್ಯಾಸವೆಂದರೆ ಗೇರಿನಲ್ಲಿ ಬಿಡುವುದು. ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಆರಿಸಿ ಗೇರ್ ಹಾಕಿಟ್ಟರೆ, ಚಕ್ರ ತಿರುಗಬೇಕಾದರೆ ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತಬೇಕು. ಆ ಒತ್ತಡವೇ ಗಾಡಿಯನ್ನು ಹಿಡಿದಿಡುತ್ತದೆ. ಏರಿನಲ್ಲಿ ಮೊದಲ ಗೇರು, ಇಳಿಜಾರಿನಲ್ಲಿ ರಿವರ್ಸ್ ಗೇರು ಎಂದು ಡ್ರೈವರಿನಿಂದ ಡ್ರೈವರಿಗೆ ಪಾಠ ಹೋಯಿತು. ಲಾರಿಯಾದರೆ ಕ್ಲೀನರ್ ಕೆಳಗೆ ಹಾರಿ ಗಾಲಿಗೆ ಕಲ್ಲೋ ಮರದ ತುಂಡೋ ಕೊಡುತ್ತಿದ್ದ. ಕೆಟ್ಟುನಿಂತ ಲಾರಿ ಹೊರಟ ಮೇಲೆ ಆ ಕಲ್ಲು ನಡುರಸ್ತೆಯಲ್ಲೇ ಉಳಿಯುವುದು ಇಂದಿಗೂ ಬೈಕಿನವರ ಪಾಲಿನ ಶಾಪ. ಹ್ಯಾಂಡ್‌ಬ್ರೇಕಿನ ತಂತಿ ಸಡಿಲಾದರೂ ರಿಪೇರಿಗೆ ಹೋಗುವವರು ಕಡಿಮೆ. ಗೇರಿದೆ, ಕಲ್ಲಿದೆ, ಮತ್ತೇಕೆ ಎಂಬ ಭಾವ.

ಕಾನೂನು ಮಾತ್ರ ಇದನ್ನು ಅಷ್ಟು ಹಗುರವಾಗಿ ಕಂಡಿರಲಿಲ್ಲ. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಸ್ಪಷ್ಟವಾಗಿದೆ. ಲೈಸೆನ್ಸ್ ಇರುವ ಚಾಲಕ ಸೀಟಿನಲ್ಲಿ ಇರಬೇಕು. ಇಲ್ಲವಾದರೆ ಯಂತ್ರ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಚಾಲಕನಿಲ್ಲದಾಗ ವಾಹನ ಆಕಸ್ಮಿಕವಾಗಿ ಚಲಿಸದಂತೆ ಖಾತ್ರಿ ಮಾಡಬೇಕು. ಹಾಗಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಿಟ್ಟು ಹೋಗುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಕಾಲಿನ ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳು ಇರಬೇಕೆನ್ನುತ್ತವೆ. ಸ್ವತಂತ್ರ ಎನ್ನುವುದರಲ್ಲಿ ಜೀವವಿದೆ: ಒಂದರ ಎಣ್ಣೆ ಸೋರಿದರೂ ಇನ್ನೊಂದು ಹಿಡಿಯಬೇಕು. ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮದ ಪ್ರಕಾರ ಪಾರ್ಕಿಂಗ್ ಬ್ರೇಕ್ ಒಂದೇ, ಭಾರ ತುಂಬಿದ ಕಾರನ್ನು ನೂರಕ್ಕೆ 20ರ ಇಳಿಜಾರಿನಲ್ಲೂ ಏರಿನಲ್ಲೂ ನಿಲ್ಲಿಸಿಡಬೇಕು.

ಸೀಟ್ ಬೆಲ್ಟಿನ ಕಥೆ ಇನ್ನೊಂದು ದಿಕ್ಕಿನಿಂದ ಬಂತು. ಸೊಂಟಕ್ಕೆ ಪಟ್ಟಿ ಕಟ್ಟುವ ಉಪಾಯಕ್ಕೆ ಅಮೆರಿಕದ ಎಡ್ವರ್ಡ್ ಕ್ಲಾಗ್‌ಹಾರ್ನ್ 1885ರಲ್ಲೇ ಪೇಟೆಂಟ್ ಪಡೆದಿದ್ದ. ಇಂದಿನ ಬೆಲ್ಟು, ಅಂದರೆ ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಪಟ್ಟಿ, ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ್ದು. 1959ರ ಕಾರುಗಳಲ್ಲಿ ಬಂತು. ಆತ ಅದಕ್ಕೆ ಮೊದಲು ಯುದ್ಧವಿಮಾನದಿಂದ ಪೈಲಟನನ್ನು ಹೊರಚಿಮ್ಮಿಸುವ ಸೀಟುಗಳ ಕೆಲಸ ಮಾಡುತ್ತಿದ್ದ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳು ಬಳಸಲು ವೋಲ್ವೊ ಬಿಟ್ಟುಕೊಟ್ಟಿತು. ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿದ ಮೊದಲ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು, 1970ರಲ್ಲಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದು ಹತ್ತು ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಕೈ ಊರಿ ತಡೆದುಕೊಳ್ಳುತ್ತೇನೆ ಎನ್ನುವವನ ಲೆಕ್ಕ ಅಲ್ಲಿಗೆ ತಪ್ಪುತ್ತದೆ. ಮುಂದಿನ ಸೀಟಿನವರ ಸಾವಿನ ಸಂಭವವನ್ನು ಬೆಲ್ಟು ನೂರಕ್ಕೆ 45ರಿಂದ 50ರಷ್ಟು ತಗ್ಗಿಸುತ್ತದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಿಂದಿನ ಸೀಟಿನವರದು 25ರಷ್ಟು.

ಈ ಚರಿತ್ರೆಯಲ್ಲಿ ವಿದ್ಯುತ್ ಕಾರಿಗೆ ಅತಿ ಹತ್ತಿರದ ಘಟನೆ ನಡೆದದ್ದು ಅಮೆರಿಕದಲ್ಲಿ. 1974ರ ಮಾದರಿಯ ಕಾರುಗಳು ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಸೀಟಿನ ಮೇಲೆ ಕಿರಾಣಿ ಚೀಲ ಇಟ್ಟರೂ ಅದಕ್ಕೆ ಬೆಲ್ಟ್ ಕಟ್ಟಬೇಕಾದ ಪರಿಸ್ಥಿತಿ. ಜನ ರೊಚ್ಚಿಗೆದ್ದರು, ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಅಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡುವುದನ್ನೇ ನಿಷೇಧಿಸಿತು, ಎಚ್ಚರಿಕೆಯ ಸದ್ದೂ 8 ಸೆಕೆಂಡಿಗಿಂತ ಹೆಚ್ಚು ಬರಬಾರದೆಂದಿತು. ಉಪಾಯ ಸರಿಯಿತ್ತು, ಯಂತ್ರ ಒರಟಾಗಿತ್ತು. ಅದೇ ಉಪಾಯ ಅರ್ಧ ಶತಮಾನದ ಬಳಿಕ ನಯವಾಗಿ, ಯಾರ ಗಮನಕ್ಕೂ ಬಾರದಂತೆ ಮರಳಿ ಬಂದಿದೆ.

ಭಾರತದಲ್ಲಿ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ, ಹಿಂದಿನ ಸೀಟಿಗೆ 2002ರಲ್ಲಿ. ನಾರಾಯಣಪೇಟೆ ಸೀಮೆಗೆ ಆ ನಿಯಮ ತಾಗಿದ್ದು ಇನ್ನೂ ತಡವಾಗಿ. ಇಲ್ಲಿ ಸ್ವಂತ ಕಾರಿನಲ್ಲಿ ಓಡಾಡುವವರೇ ಕಡಿಮೆ. ‘ಪಾಲಮೂರು ಕೂಲಿ’ಗಳೆಂದೇ (ಪಾಲಮೂರು ಎಂದರೆ ಮಹಬೂಬನಗರ) ಹೆಸರಾದ ಇಲ್ಲಿನ ಜನ ದುಡಿಮೆ ಹುಡುಕಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ಹೋದದ್ದು ಬಸ್ಸು, ಲಾರಿ, ಜೀಪುಗಳಲ್ಲಿ. ಯಾದಗಿರಿ, ರಾಯಚೂರು, ಮಕ್ತಲ್ ನಡುವಿನ ಹಳ್ಳಿ ರಸ್ತೆಗಳಲ್ಲಿ ಟಂಟಂ ಆಟೊ ಮತ್ತು ಕ್ರೂಸರ್ ಜನರ ವಾಹನ. ಕ್ರೂಸರಿನ ಹಿಂಬದಿಯಲ್ಲಿ ಎದುರುಬದುರು ಬೆಂಚು, ಮೊಣಕಾಲಿಗೆ ಮೊಣಕಾಲು. ಮುಂದಿನ ಸೀಟಿನಲ್ಲಿ ಇಬ್ಬರ ಜಾಗದಲ್ಲಿ ನಾಲ್ವರು. ಬೆಲ್ಟ್ ಧರಿಸಬೇಕೆಂಬ ನಿಯಮ ಮುಂದಿನ ಸೀಟು ಮತ್ತು ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟುಗಳ ಬಗ್ಗೆ ಮಾತಾಡುತ್ತದೆ. ಪಕ್ಕಕ್ಕೆ ತಿರುಗಿದ ಬೆಂಚಿನಲ್ಲಿ ಕುಳಿತ ಕೂಲಿಯವನನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಲ್ಟು ಕಾರಿನವರ ಸಾಮಾನು ಎಂಬ ತಿಳಿವಳಿಕೆ ಈ ಕಡೆ ಬೇರೂರಿದ್ದರೆ ಅದರ ತಪ್ಪನ್ನೆಲ್ಲ ಜನರ ಮೇಲೆ ಹೊರಿಸುವುದು ನ್ಯಾಯವಲ್ಲ.

ಗಡಿಯ ವಿಚಾರವೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯವು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಇವೆರಡು ಆಂಧ್ರದ ಮಹಬೂಬನಗರ ಜಿಲ್ಲೆಗೆ ಹೋದವು. 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ್, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ವಾಹನದ ನಂಬರಿನಲ್ಲಿ ಒಂದು ತಮಾಷೆ ಉಳಿದಿದೆ: ಗದ್ವಾಲ್ ಕೂಡ 33, ಗಡಿಯಾಚೆಯ ಯಾದಗಿರಿ ಕೂಡ 33; ಮುಂದಿನ ಅಕ್ಷರಗಳಷ್ಟೇ ಬೇರೆ. ಆದರೆ ದಂಡ ಒಂದೇ ಅಲ್ಲ. 2019ರ ಸೆಪ್ಟೆಂಬರ್ 1ರಿಂದ ತಿದ್ದುಪಡಿ ಕಾಯ್ದೆ ಬೆಲ್ಟ್ ಧರಿಸದವರ ದಂಡವನ್ನು 100 ರೂಪಾಯಿಯಿಂದ 1000ಕ್ಕೆ ಏರಿಸಿತು. ಕರ್ನಾಟಕ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ತೆಲಂಗಾಣ ಸರ್ಕಾರ ಏರಿದ ದಂಡಗಳನ್ನು ಆಗ ಜಾರಿಗೇ ತರಲಿಲ್ಲ. ಹೀಗಾಗಿ ಆಗ ದೇವಸೂಗೂರಿನ ಸೇತುವೆಯ ಒಂದು ತುದಿಯಲ್ಲಿ ಬೆಲ್ಟಿಗೆ ಒಂದು ಬೆಲೆ, ಇನ್ನೊಂದು ತುದಿಯಲ್ಲಿ ಇನ್ನೊಂದು. ಸೇತುವೆ ಬರುವಾಗ ಬೆಲ್ಟ್ ಎಳೆದುಕೊಳ್ಳುವುದು, ದಾಟಿದ ಮೇಲೆ ಬಿಡುವುದು ಎಂಬ ಚಾಲಾಕಿಗೆ ಇಂಥ ವ್ಯತ್ಯಾಸಗಳೇ ಗೊಬ್ಬರ.

ದಂಡಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸದ್ದು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ ಮತ್ತು ರಿವರ್ಸ್ ಸೆನ್ಸರ್ ಕಡ್ಡಾಯವಾದವು. ಬೆಲ್ಟ್ ಹಾಕುವವರೆಗೂ ಕಿರಿಕಿರಿ ಮಾಡುವ ಈ ಸದ್ದಿಗೆ ಮಾರುಕಟ್ಟೆ ಕೂಡಲೇ ಮದ್ದು ಕಂಡುಕೊಂಡಿತು: ಬಕಲಿನ ಬಾಯಿಗೆ ಸಿಕ್ಕಿಸುವ ಖಾಲಿ ಲೋಹದ ನಾಲಿಗೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಪ್ರಯಾಣಿಸುವಾಗ ಅಪಘಾತದಲ್ಲಿ ತೀರಿಕೊಂಡ ಮೇಲೆ ಸರ್ಕಾರದ ಕಣ್ಣು ಇದರ ಮೇಲೆ ಬಿತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಆದೇಶದಂತೆ ಐದು ಆನ್‌ಲೈನ್ ಮಾರಾಟ ತಾಣಗಳಿಂದ ಇಂಥ 13,118 ಸರಕಿನ ಪಟ್ಟಿಗಳು ಇಳಿದವು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715. ಅವರಲ್ಲಿ ಅರ್ಧದಷ್ಟು ಮಂದಿ ಪ್ರಯಾಣಿಕರು.

ವಿದ್ಯುತ್ ಕಾರು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸೇರಿ 1994ರಲ್ಲಿ ಕಟ್ಟಿದ ರೇವಾ ಕಂಪನಿ, ಚೇತನ್ ಮೈನಿಯವರ ಮುಂದಾಳ್ತನದಲ್ಲಿ 2001ರಲ್ಲಿ ರೇವಾ ಕಾರನ್ನು ಮಾರುಕಟ್ಟೆಗೆ ತಂದಿತು. ಸೀಸದ ಬ್ಯಾಟರಿಯ ಆ ಪುಟ್ಟ ಕಾರು ಒಮ್ಮೆ ಚಾರ್ಜ್ ಮಾಡಿದರೆ ಓಡುತ್ತಿದ್ದದ್ದು ಸುಮಾರು 80 ಕಿಲೋಮೀಟರ್; ನಾರಾಯಣಪೇಟೆಯಿಂದ ರಾಯಚೂರಿಗೆ ಹೋಗಿ ಬರಲು ಸಾಲದು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಯುರೋಪಿನ ಲೆಕ್ಕದಲ್ಲಿ ಅದು ಕಾರಲ್ಲ, ಭಾರೀ ಚತುಶ್ಚಕ್ರ ವಾಹನ. ಆದ್ದರಿಂದ ಕಾರುಗಳಿಗೆ ಮಾಡುವ ಡಿಕ್ಕಿ ಪರೀಕ್ಷೆಯ ಅಗತ್ಯ ಅದಕ್ಕಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಡಿಕ್ಕಿ ಹೊಡೆಸಿ ನೋಡಿದಾಗ ಬಂದ ಟೀಕೆ ಕಠಿಣವಾಗಿತ್ತು. ಭಾರತದಲ್ಲೂ ಹೊಸ ಮಾದರಿಗಳಿಗೆ ಮುಂಭಾಗದ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಿಂದ. ರೇವಾವನ್ನು 2010ರಲ್ಲಿ ಮಹೀಂದ್ರಾ ತನ್ನದಾಗಿಸಿಕೊಂಡಿತು, 2013ರಲ್ಲಿ ಇ2ಒ ಬಂತು. ಬ್ಯಾಟರಿ ಕಾರನ್ನು ಲಂಡನ್ನಿನ ಬೀದಿಗೂ ಕಳಿಸಿದ ಬೆಂಗಳೂರು, ಡಿಕ್ಕಿಯಾದಾಗ ಒಳಗಿನವರನ್ನು ಕಾಯುವ ಪ್ರಶ್ನೆಯನ್ನು ಮುಂದಿನವರಿಗೆ ಬಿಟ್ಟಿತು.

ಇನ್ನು ಮುಖ್ಯ ವಿಷಯ. ವಿದ್ಯುತ್ ಕಾರಿನಲ್ಲಿ ಗೇರಿನಲ್ಲಿ ಬಿಡುವ ಹಳೆಯ ಅಭ್ಯಾಸ ನಡೆಯುವುದಿಲ್ಲ. ಅದರ ಮೋಟಾರಿಗೂ ಚಕ್ರಕ್ಕೂ ನಡುವೆ ಕ್ಲಚ್ ಇಲ್ಲ, ಬದಲಾಯಿಸುವ ಗೇರುಗಳೂ ಇಲ್ಲ. ಇರುವುದು ಸಾಮಾನ್ಯವಾಗಿ ವೇಗವನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುವ ಹಲ್ಲುಚಕ್ರಗಳು. ಒತ್ತಬೇಕಾದ ಗಾಳಿಯ ಸಿಲಿಂಡರೂ ಇಲ್ಲ. ವಿದ್ಯುತ್ ನಿಂತ ಮೋಟಾರು ಹೆಚ್ಚು ತಡೆಯಿಲ್ಲದೆ ತಿರುಗುತ್ತದೆ. ಗುಂಡಿ ಓಡಿಸುವ ಸ್ಥಾನವಾದ ‘ಡಿ’ಯಲ್ಲಿದ್ದಾಗ ಕಾರನ್ನು ಆರಿಸಿ ಇಳಿದರೆ, ಇಳಿಜಾರಿನಲ್ಲಿ ಅದನ್ನು ಹಿಡಿಯಲು ಮೋಟಾರಿನಿಂದ ಆಗದು. ಓಡುವಾಗ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ಮೋಟಾರಿನ ತಡೆಯೂ ಚಕ್ರ ನಿಂತಲ್ಲಿಗೆ ಮುಗಿಯುತ್ತದೆ.

ಇದಕ್ಕೆ ತಯಾರಕರು ಎರಡು ಉತ್ತರ ಕೊಟ್ಟರು. ಒಂದು, ನಿಲ್ಲಿಸುವ ಸ್ಥಾನವಾದ ‘ಪಿ’ (ಪಾರ್ಕ್) ಒತ್ತಿದಾಗ ಹಲ್ಲುಚಕ್ರಕ್ಕೆ ಉಕ್ಕಿನ ಕೊಕ್ಕೆಯೊಂದು ಸಿಕ್ಕಿಕೊಳ್ಳುವ ವ್ಯವಸ್ಥೆ. ಇದು ಆಟೊಮ್ಯಾಟಿಕ್ ಕಾರುಗಳಿಂದ ಬಂದದ್ದು, ಮೋಟಾರಿಗೆ ಸೇರಿದ ಅಚ್ಚನ್ನು ಹಿಡಿಯುತ್ತದೆ. ಇನ್ನೊಂದು ವಿದ್ಯುತ್ ಪಾರ್ಕಿಂಗ್ ಬ್ರೇಕ್. ತಂತಿ ಎಳೆಯುವ ಕೋಲಿನ ಬದಲು ಗುಂಡಿ ಎಳೆದರೆ ಹಿಂದಿನ ಚಕ್ರದ ಬಳಿಯ ಸಣ್ಣ ಮೋಟಾರುಗಳು ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯುತ್ತವೆ. 2001ರಲ್ಲಿ ಬಿಎಂಡಬ್ಲ್ಯುವಿನ 7 ಸರಣಿಯಲ್ಲಿ ಕಾಣಿಸಿಕೊಂಡ ಈ ಸಾಧನ ಭಾರತದ ವಿದ್ಯುತ್ ಕಾರುಗಳಿಗೆ 2019ರ ಹ್ಯುಂಡೈ ಕೋನಾ, 2020ರ ಎಂಜಿ ಝಡ್ಎಸ್ ಇವಿಗಳೊಂದಿಗೆ ಬಂತು. 2020ರ ಜನವರಿಯಲ್ಲಿ ಬಂದು ವಿದ್ಯುತ್ ಕಾರನ್ನು ಮಧ್ಯಮ ವರ್ಗದ ಅಂಗಳಕ್ಕೆ ತಂದ ಟಾಟಾ ನೆಕ್ಸಾನ್ ಇವಿಯ ಮೊದಲ ಮಾದರಿಯಲ್ಲಿ ಮಾತ್ರ ಹಳೆಯ ಕೈಗೋಲೇ ಇತ್ತು. ಅದರ ಆಯ್ಕೆಗುಂಡಿಯಲ್ಲಿ ‘ಪಿ’ ಇರಲಿಲ್ಲ. 2022ರ ನೆಕ್ಸಾನ್ ಇವಿ ಮ್ಯಾಕ್ಸ್‌ಗೆ ವಿದ್ಯುತ್ ಪಾರ್ಕಿಂಗ್ ಬ್ರೇಕ್ ಬಂತು. ಅದೇ ವರ್ಷದ ಟಿಯಾಗೊ ಇವಿ ಕೈಗೋಲನ್ನೇ ಉಳಿಸಿಕೊಂಡಿತು. ಕೈಗೋಲು ಕೀಳಲ್ಲ. ಬ್ಯಾಟರಿ ಸತ್ತರೂ ಅದು ಕೆಲಸ ಮಾಡುತ್ತದೆ. ವಿದ್ಯುತ್ ಬ್ರೇಕಾದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದಾಗ, ದೊಡ್ಡ ಬ್ಯಾಟರಿ ತುಂಬಿದ್ದರೂ, ಬಿಡಿಸಿಕೊಳ್ಳಲು ಬಾರದೆ ಕಾರು ನಿಂತಲ್ಲೇ ಕೂರಬಹುದು. ಆದರೆ ‘ಪಿ’ಯೂ ಇಲ್ಲದ, ಗೇರೂ ಹಿಡಿಯದ ಕಾರಿನಲ್ಲಿ ಆ ಕೋಲೊಂದೇ ಆಧಾರ. ಅದನ್ನು ಪೂರ್ತಿ ಎಳೆಯದ ಹಳೆಯ ಡ್ರೈವರಿಗೆ ಹೊಸ ಕಾರು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ವಿದ್ಯುತ್ ಕಾರು ಸದ್ದು ಮಾಡದಿರುವುದು ಇನ್ನೊಂದು ತೊಡಕು. ಇಂಜಿನ್ ನಡುಗುತ್ತಿದ್ದರೆ ಗಾಡಿ ಚಾಲೂ ಇದೆಯೆಂದು ಯಾರಿಗಾದರೂ ಗೊತ್ತಾಗುತ್ತದೆ. ನಿಶ್ಶಬ್ದವಾಗಿ ನಿಂತ ಕಾರು ಹೊರಡಲು ಸಿದ್ಧವಿದೆಯೋ ಆರಿದೆಯೋ ಹೊರಗಿನಿಂದ ತಿಳಿಯದು, ಕೆಲವೊಮ್ಮೆ ಒಳಗಿದ್ದವರಿಗೂ. ವಿಶ್ವಸಂಸ್ಥೆಯ ವಿದ್ಯುತ್ ವಾಹನ ನಿಯಮ ಮತ್ತು ಅದರ ಜಾಡಿನಲ್ಲಿರುವ ಭಾರತದ ಎಐಎಸ್ 038 ಮಾನದಂಡ ಇದಕ್ಕಾಗಿಯೇ ಎರಡು ಷರತ್ತು ಹಾಕಿವೆ. ವಾಹನ ಚಲಿಸಲು ಸಿದ್ಧ ಸ್ಥಿತಿಯಲ್ಲಿದ್ದಾಗ ಚಾಲಕ ಇಳಿಯಹೊರಟರೆ ಬೆಳಕಿನಿಂದಲೋ ಸದ್ದಿನಿಂದಲೋ ತಿಳಿಸಬೇಕು. ಚಾರ್ಜಿಂಗ್ ಕೇಬಲ್ ಸಿಕ್ಕಿಸಿರುವಾಗ ವಾಹನ ತನ್ನ ಬಲದಿಂದ ಚಲಿಸಲೇಬಾರದು. ಚಾಲಕ ಇಳಿಯುತ್ತಿದ್ದಾನೆಂದು ಕಾರಿಗೆ ತಿಳಿಯುವುದಾದರೂ ಹೇಗೆ? ಬಾಗಿಲಿನ ಸ್ವಿಚ್ಚು, ಸೀಟಿನ ಒತ್ತಡ, ಬಕಲ್ಲು ಈ ಮೂರರಿಂದ.

ಪಟ್ಟಿಗೂ ಬ್ರೇಕಿಗೂ ನಂಟು ಬೆಳೆದದ್ದು ಇಲ್ಲಿ. ಬಕಲಿನೊಳಗಿನ ಪುಟ್ಟ ಸ್ವಿಚ್ಚು ದೀಪ ಹತ್ತಿಸುವುದಕ್ಕೆಂದು ಬಂದದ್ದು. ವಿದ್ಯುತ್ ಬ್ರೇಕಿನ ಕಾರುಗಳಲ್ಲಿ ಚಾಲಕ ಹಾಜರಿದ್ದಾನೆಂದು ಸಾಕ್ಷಿ ಹೇಳುವ ಕೆಲಸಕ್ಕೂ ನಿಂತಿತು. ಅನೇಕ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿದರೆ ಪಾರ್ಕಿಂಗ್ ಬ್ರೇಕ್ ತಾನಾಗಿ ಬಿಡುತ್ತದೆ, ಆದರೆ ಚಾಲಕನ ಬೆಲ್ಟ್ ಹಾಕಿರಬೇಕು, ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಬ್ರೇಕ್ ಪೆಡಲ್ ಒತ್ತಿ ಗುಂಡಿಯಿಂದಲೇ ಬಿಡಿಸಬೇಕು. ಸಿಗ್ನಲ್ಲಿನಲ್ಲಿ ಕಾರನ್ನು ಹಿಡಿದಿಡುವ ‘ಆಟೊ ಹೋಲ್ಡ್’ ಚಾಲೂ ಇರುವಾಗ ಚಾಲಕ ಬೆಲ್ಟ್ ಬಿಚ್ಚಿ ಬಾಗಿಲು ತೆಗೆದರೆ ಕಾರು ತಾನೇ ಪಾರ್ಕಿಂಗ್ ಬ್ರೇಕ್ ಹಾಕುತ್ತದೆ. ಟೆಸ್ಲಾದಂಥ ಕಾರುಗಳು ಇಂಥ ಸುಳಿವುಗಳಿಂದಲೇ ಚಾಲಕ ಎದ್ದನೆಂದು ಅರಿತು ‘ಪಿ’ಗೆ ಹೋಗುತ್ತವೆ. ಇಂಥ ಕಾವಲಿನ ಬೆಲೆ ಗೊತ್ತಾದದ್ದು ವಿದ್ಯುತ್ ಕಾರಲ್ಲದ ಒಂದು ವಾಹನದಿಂದ. 2016ರ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲಿಸ್‌ನ ತಮ್ಮ ಮನೆಯ ಇಳಿಜಾರಿನಲ್ಲಿ ತಮ್ಮದೇ ಜೀಪ್ ಹಿಂದಕ್ಕೆ ಉರುಳಿ ಒತ್ತಿದ್ದರಿಂದ ಸತ್ತರು. ಆ ಮಾದರಿಯ ಗೇರ್ ಕೋಲು ಯಾವ ಸ್ಥಾನಕ್ಕೆ ತಳ್ಳಿದರೂ ನಡುವಿಗೇ ಮರಳುತ್ತಿತ್ತು; ‘ಪಿ’ ಬಿದ್ದಿದೆಯೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಆ ವಾಹನಗಳನ್ನು ಅದೇ ವರ್ಷದ ಏಪ್ರಿಲ್‌ನಲ್ಲೇ ರಿಪೇರಿಗೆ ಹಿಂದಕ್ಕೆ ಕರೆಯಲಾಗಿತ್ತು.

ಬಕಲಿಗೆ ಸಿಕ್ಕಿಸುವ ಖಾಲಿ ನಾಲಿಗೆಯ ಚಾಲಾಕಿಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ಹಳೆಯ ಕಾರಿನಲ್ಲಿ ಅದು ಸದ್ದನ್ನು ಮಾತ್ರ ಮೋಸ ಮಾಡುತ್ತಿತ್ತು. ಬಕಲನ್ನು ನಂಬುವ ಕಾರಿನಲ್ಲಿ ಅದು ಬ್ರೇಕನ್ನೂ ಮೋಸ ಮಾಡುತ್ತದೆ: ಚಾಲಕ ಇಳಿದು ಹೋದರೂ ಕಾರಿನ ಲೆಕ್ಕದಲ್ಲಿ ಬೆಲ್ಟ್ ಹಾಕಿಕೊಂಡೇ ಇದ್ದಾನೆ. ಬೆನ್ನ ಹಿಂದೆ ಪಟ್ಟಿ ಹಾಯಿಸಿ ಬಕಲ್ ಸಿಕ್ಕಿಸಿಕೊಂಡು ಕೂರುವುದೂ ಇದೇ ಜಾತಿಯದು. ಕಂಪನಿಗಳು ಒಂದೇ ಸುಳಿವನ್ನು ನೆಚ್ಚದೆ ಎರಡು ಮೂರನ್ನು ಕೂಡಿಸಿ ನೋಡುವಂತೆ ಮಾಡಿದ್ದರಿಂದ ಎಲ್ಲ ಸಲವೂ ಅನಾಹುತವಾಗದಿರಬಹುದು. ಆದರೂ ಐವತ್ತು ನೂರು ರೂಪಾಯಿಯ ತಗಡು ಎರಡು ಕಾವಲುಗಳನ್ನು ಒಟ್ಟಿಗೆ ದುರ್ಬಲ ಮಾಡಬಲ್ಲದು ಎಂಬುದು ಹೊಸ ಸಂಗತಿ.

ಡಿಕ್ಕಿಯ ಕ್ಷಣದಲ್ಲೂ ಬೆಲ್ಟು ಒಂಟಿಯಲ್ಲ. ಸೆನ್ಸರುಗಳು ಹೊಡೆತವನ್ನು ಗುರುತಿಸಿದ ಕೂಡಲೇ ಸಣ್ಣ ಸಿಡಿಮದ್ದೊಂದು ಸಿಡಿದು ಸಡಿಲವಿದ್ದ ಪಟ್ಟಿಯನ್ನು ಬಿಗಿಯುತ್ತದೆ, ಏರ್‌ಬ್ಯಾಗ್ ಉಬ್ಬುತ್ತದೆ. ವಿದ್ಯುತ್ ಕಾರಿನಲ್ಲಿ ಅದೇ ಸಂದೇಶ ದೊಡ್ಡ ಬ್ಯಾಟರಿಯ ಸಂಪರ್ಕವನ್ನೂ ಕಡಿಯುತ್ತದೆ. ನೂರಾರು ವೋಲ್ಟಿನ ತಂತಿಗಳು ಜಜ್ಜಿದ ಲೋಹಕ್ಕೆ ತಾಗುವ ಮೊದಲು ಸತ್ತಿರಬೇಕು ಎಂಬುದು ಉದ್ದೇಶ. ಬ್ಯಾಟರಿಯಿಂದಾಗಿ ಈ ಕಾರುಗಳು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರವೂ ಹೌದು; ನಿಲ್ಲಿಸುವ, ಹಿಡಿದಿಡುವ ಸಾಧನಗಳ ಮೇಲೆ ಬೀಳುವ ಹೊರೆ ಅಷ್ಟರಮಟ್ಟಿಗೆ ಹೆಚ್ಚು. 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2024ರ ಜೂನ್‌ನಲ್ಲಿ ಟಾಟಾದ ಪಂಚ್ ಇವಿ ಮತ್ತು ನೆಕ್ಸಾನ್ ಇವಿ ಐದು ನಕ್ಷತ್ರ ಪಡೆದವು. ಆ ನಕ್ಷತ್ರಗಳು ಬೆಲ್ಟ್ ಕಟ್ಟಿದ ಬೊಂಬೆಗಳಿಗೆ ಸಿಕ್ಕವು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಗಡಿಸೀಮೆಗೆ ಈ ಕಾರುಗಳು ಬರುವ ದಾರಿ ಈಗ ಸಲೀಸಾಗಿದೆ. ತೆಲಂಗಾಣ 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ ಕೊನೆಯವರೆಗೆ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ ಪೂರ್ತಿ ಬಿಟ್ಟುಕೊಟ್ಟಿತು. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ಕರ್ನಾಟಕ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ತೆರಿಗೆ ಹಾಕಿತು. ಮಹಬೂಬನಗರದ ಹತ್ತಿರದ ದಿವಿಟಿಪಲ್ಲಿಯಲ್ಲಿ ಅಮರರಾಜಾ ಕಂಪನಿಯ ಬ್ಯಾಟರಿ ಕಾರ್ಖಾನೆಗೆ 2023ರ ಮೇ ತಿಂಗಳಲ್ಲಿ ಅಡಿಗಲ್ಲು ಬಿತ್ತು. ಹೂಡಿಕೆಯ ಯೋಜನೆ 9,500 ಕೋಟಿ ರೂಪಾಯಿಯದು. ಒಂದು ಕಾಲಕ್ಕೆ ಕೂಲಿಗಳನ್ನು ಹೊರಗೆ ಕಳಿಸುತ್ತಿದ್ದ ಪಾಲಮೂರು ಬ್ಯಾಟರಿ ಕಳಿಸುವ ನಾಡಾಗಲು ಹೊರಟಿದೆ.

ಇಲ್ಲಿನ ರಸ್ತೆಗಿಳಿದ ವಿದ್ಯುತ್ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ ಸರಳ. ಕಾಲಿನ ಬ್ರೇಕ್ ಒತ್ತಿ ಹಿಡಿದು ಮೊದಲು ಪಾರ್ಕಿಂಗ್ ಬ್ರೇಕ್ ಹಾಕಬೇಕು, ಆಮೇಲೆ ‘ಪಿ’ ಒತ್ತಬೇಕು. ಹಾಗೆ ಮಾಡಿದರೆ ಭಾರ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ, ಹಲ್ಲುಚಕ್ರದ ಕೊಕ್ಕೆಗೆ ಪೆಟ್ಟಾಗುವುದಿಲ್ಲ. ‘ಪಿ’ ಇಲ್ಲದ ಕಾರಿನಲ್ಲಿ ಕೈಗೋಲನ್ನು ಪೂರ್ತಿ ಎಳೆದು, ಕಾಲು ಎತ್ತಿ ಕಾರು ಅಲುಗುವುದಿಲ್ಲವೆಂದು ನೋಡಿಕೊಂಡು, ಆರಿಸಿ, ಕೊನೆಗೆ ಬೆಲ್ಟ್ ಬಿಚ್ಚಬೇಕು. ಕೆಟ್ಟುನಿಂತ ವಿದ್ಯುತ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ; ಚಕ್ರ ತಿರುಗಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ, ಆದ್ದರಿಂದ ಚಪ್ಪಟೆ ಮೈಯ ಲಾರಿಯ ಮೇಲೇ ಒಯ್ಯಬೇಕು. ಬ್ರೇಕ್ ಹಾಕುವ ಕೆಲಸವನ್ನು ಕಾರಿನ ಕಂಪ್ಯೂಟರ್ ಎಷ್ಟೇ ತನ್ನ ಮೇಲೆ ಹಾಕಿಕೊಂಡರೂ, ನಿಲ್ಲಿಸಿದ ವಾಹನ ಉರುಳಿದರೆ 126ನೇ ಸೆಕ್ಷನ್ ಇಂದಿಗೂ ಹೊಣೆ ಮಾಡುವುದು ಅದನ್ನು ಬಿಟ್ಟು ಹೋದ ಚಾಲಕನನ್ನೇ.